ಬಂದರಿನ ಸಭೆ, ಭದ್ರೆಯ ದಂಡೆ

ನರಸಿಂಹರಾಜಪುರವು ಮಲೆನಾಡಿನ ಒಂದು ಚಿಕ್ಕ ಪಟ್ಟಣ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ಈ ಊರಿನ ಸುತ್ತ ಅಡಿಕೆಯ ತೋಟಗಳು, ಗದ್ದೆಗಳು, ಕಾಡು. ಒಂದು ಪಕ್ಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟಿನಿಂದ ಹಿಂದಕ್ಕೆ ಹರಡಿ ನಿಂತ ಭದ್ರಾ ಜಲಾಶಯದ ಹಿನ್ನೀರು. ಸಮುದ್ರಕ್ಕೂ ಈ ಊರಿಗೂ ನಡುವೆ ಪಶ್ಚಿಮ ಘಟ್ಟಗಳ ಸಾಲೇ ಇದೆ. ಮಂಗಳೂರಿನ ಬಳಿಯ ಪಣಂಬೂರಿನ ಬಂದರಿನಲ್ಲಿ ನಡೆಯುವ ವ್ಯವಹಾರದಿಂದ ಇಲ್ಲಿಯವರಿಗೆ ಆಗಬೇಕಾದುದೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಸಂಬಂಧವುಂಟು, ಅದನ್ನು ಕಲ್ಪಿಸಿದ್ದು ಭದ್ರಾ ನದಿ.

ಭದ್ರೆಯು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರುಗಳನ್ನು ಹಾಯ್ದು ಈ ಜಲಾಶಯವನ್ನು ಸೇರುತ್ತದೆ. ಅದೇ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅದಿರನ್ನು ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕಲಸಿ, ಆ ರಾಡಿಯನ್ನು ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯ ಮೂಲಕ ಘಟ್ಟವಿಳಿಸಿ ಪಣಂಬೂರಿಗೆ ಮುಟ್ಟಿಸುತ್ತಿದ್ದರು. ಅಲ್ಲಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಗಿತ್ತು. ಅದಿರಿನ ಹಡಗುಗಳಿಗೆಂದೇ ಅಲ್ಲಿ ಪ್ರತ್ಯೇಕ ಧಕ್ಕೆಯನ್ನು ನಿರ್ಮಿಸಲಾಯಿತು. ಹೀಗೆ ಅದಿರು ಪಡುವಣಕ್ಕೆ ಇಳಿಯಿತು. ಗಣಿಯ ಸಡಿಲ ಮಣ್ಣಾದರೋ ಮಳೆಗಾಲದಲ್ಲಿ ಭದ್ರೆಯೊಡನೆ ಮೂಡಣಕ್ಕೆ ಹರಿಯಿತು. ಲಾಭದ ದಾರಿ ಒಂದು, ಹೂಳಿನ ದಾರಿ ಇನ್ನೊಂದು. ಈ ಎರಡನೆಯ ದಾರಿಯಲ್ಲಿದ್ದ ಊರುಗಳನ್ನು ಆಗ ಯಾರೂ ಕೇಳಲಿಲ್ಲ. ಕೇಳಬೇಕೆಂಬ ನಿಯಮವೂ ಇರಲಿಲ್ಲ. ಕೊನೆಗೆ ಪರಿಸರಾಸಕ್ತರು ನ್ಯಾಯಾಲಯದ ಮೊರೆಹೊಕ್ಕರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮೊದಲೇ ಕೇಳಬಹುದಾಗಿದ್ದ ಮಾತನ್ನು ಕೇಳಿಸಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಹಾಗಾದರೆ ಬಂದರಿನ ಆಡಳಿತವನ್ನು ನಡೆಸುವವರು ಯಾರು? 1963ರ ಕಾಯಿದೆಯ ಮೇರೆಗೆ ನವಮಂಗಳೂರಿನಲ್ಲಿ 1980ರಿಂದ ಒಂದು ಧರ್ಮದರ್ಶಿ ಮಂಡಲಿಯಿತ್ತು. 2021ರಲ್ಲಿ ಹೊಸ ಕಾಯಿದೆ ಬಂದು, ಅದರ ಸ್ಥಾನದಲ್ಲಿ ಬಂದರು ಪ್ರಾಧಿಕಾರದ ಮಂಡಲಿಯು ಏರ್ಪಟ್ಟಿತು. ಅಧ್ಯಕ್ಷ, ಉಪಾಧ್ಯಕ್ಷರ ಜೊತೆಗೆ ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಸುಂಕ ಇಲಾಖೆ ಇವುಗಳಿಂದ ಒಬ್ಬೊಬ್ಬರು; ಕೇಂದ್ರ ಸರ್ಕಾರದ ಒಬ್ಬ ಅಧಿಕಾರಿ; ನೌಕರರ ಹಿತವನ್ನು ನೋಡುವವರು ಇಬ್ಬರು; ಎರಡರಿಂದ ನಾಲ್ಕು ಮಂದಿ ಸ್ವತಂತ್ರ ಸದಸ್ಯರು. ಬಂದರಿನ ಭೂಮಿಯ ಬಳಕೆ, ದರಗಳ ನಿಗದಿ, ಹೊಸ ಧಕ್ಕೆಯ ಯೋಜನೆ ಎಲ್ಲವೂ ಈ ಮಂಡಲಿಯ ಮುಂದೆ ಬರುತ್ತವೆ. ಕಡಲಿನಲ್ಲಿ ಬಲೆ ಬೀಸುವವನಿಗಾಗಲಿ, ನದಿಯ ದಂಡೆಯ ರೈತನಿಗಾಗಲಿ ಅಲ್ಲಿ ಮೀಸಲಾದ ಪೀಠವಿಲ್ಲ. ಗ್ರಾಮಸಭೆಯಲ್ಲಿ ಊರಿನ ಯಾವ ಮತದಾರನಾದರೂ ಎದ್ದು ನಿಂತು ಪ್ರಶ್ನೆ ಕೇಳಬಲ್ಲನಷ್ಟೆ? ಬಂದರಿನ ಮಂಡಲಿಯು ಅಂಥ ಸಭೆಯಲ್ಲ.

ಆದರೂ ಪ್ರಜೆಗೆ ಬಾಗಿಲು ಪೂರ್ತಿಯಾಗಿ ಮುಚ್ಚಿಲ್ಲ. ಪ್ರಾಧಿಕಾರವು ಸಾರ್ವಜನಿಕ ಸಂಸ್ಥೆಯಾದುದರಿಂದ 2005ರ ಮಾಹಿತಿ ಹಕ್ಕು ಕಾಯಿದೆ ಅದಕ್ಕೂ ಅನ್ವಯಿಸುತ್ತದೆ. ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟವನಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು.

ಇದಕ್ಕಿಂತಲೂ ಮುಖ್ಯವಾದುದು ಸಾರ್ವಜನಿಕ ಅಹವಾಲು ಸಭೆ. ಈ ಪದ್ಧತಿ ನಮ್ಮಲ್ಲಿ 1997ರಲ್ಲಿ ಬಂದಿತು; 2006ರ ಪರಿಸರ ಅಧಿಸೂಚನೆ ಅದಕ್ಕೆ ಈಗಿನ ರೂಪವನ್ನು ಕೊಟ್ಟಿತು. ದೊಡ್ಡ ಬಂದರು, ಗಣಿ, ಅಣೆಕಟ್ಟು ಮುಂತಾದ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಜನರ ಮಾತನ್ನು ಕೇಳಬೇಕೆಂಬುದು ಅದರ ಆಶಯ. ಸಭೆಗೆ ಕಡಿಮೆಯೆಂದರೆ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಬೇಕು. ಯೋಜನೆಯಿಂದ ನೀರು, ಗಾಳಿ, ನೆಲಗಳಿಗೆ ಏನಾದೀತೆಂಬ ವರದಿಯ ಕರಡನ್ನು ಜಿಲ್ಲಾಧಿಕಾರಿಯ ಕಚೇರಿಯಲ್ಲಿಯೂ ಸ್ಥಳೀಯ ಸಂಸ್ಥೆಗಳ ಕಚೇರಿಗಳಲ್ಲಿಯೂ ಇಡಬೇಕು. ಅದರ ಸಾರಾಂಶ ಆ ನಾಡಿನ ಭಾಷೆಯಲ್ಲಿಯೂ ಇರಬೇಕು. ಸಭೆ ನಡೆಯುವುದು ಯೋಜನೆಯ ಸ್ಥಳದಲ್ಲಿ, ಇಲ್ಲವೆ ಅದರ ಸಮೀಪದಲ್ಲಿ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಇಷ್ಟು ಜನ ಸೇರಲೇಬೇಕೆಂಬ ನಿಯಮವಿಲ್ಲ. ಬಂದವರೆಲ್ಲರಿಗೂ ಪ್ರಶ್ನಿಸುವ ಹಕ್ಕುಂಟು. ನಡೆದುದನ್ನೆಲ್ಲ ವಿಡಿಯೊದಲ್ಲಿ ದಾಖಲಿಸಲಾಗುತ್ತದೆ. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಬಂದರು ಕಟ್ಟುವ ಯೋಜನೆಯ ಬಗೆಗೆ 2025ರಲ್ಲಿ ಇಂಥ ಸಭೆ ಸೇರಿದಾಗ ಮೀನುಗಾರರು ಬಹುಸಂಖ್ಯೆಯಲ್ಲಿ ಬಂದು ತಮ್ಮ ವಿರೋಧವನ್ನು ದಾಖಲಿಸಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಅಹವಾಲು ಸಭೆಯಲ್ಲಿ ಮತ ಹಾಕುವುದಿಲ್ಲ. ಸಾವಿರ ಜನ ಬೇಡವೆಂದು ಕೂಗಿದರೂ ಯೋಜನೆಯು ಅಷ್ಟರಿಂದಲೇ ಬಿದ್ದುಹೋಗುವುದಿಲ್ಲ. ಅಲ್ಲಿ ಹುಟ್ಟುವುದು ಒಂದು ದಾಖಲೆ. ಅನುಮತಿ ಕೊಡುವ ಅಧಿಕಾರಿಗಳು ತಮ್ಮ ಕಚೇರಿಯಲ್ಲಿ ಕುಳಿತು ನೋಡುವುದು ಆ ದಾಖಲೆಯನ್ನೇ. ಆದುದರಿಂದ "ನಮ್ಮ ಬದುಕು ಹಾಳಾಗುತ್ತದೆ" ಎಂಬ ಕೂಗಿಗಿಂತ, "ವರದಿಯ ಇಂಥ ಪುಟದಲ್ಲಿ ಮಳೆಗಾಲದ ಹೂಳಿನ ಲೆಕ್ಕವಿಲ್ಲ, ಏಕೆ?" ಎಂಬ ಪ್ರಶ್ನೆಗೆ ಹೆಚ್ಚು ಬಲ. ಮೊದಲನೆಯದು ಸುಳ್ಳೆಂದಲ್ಲ; ಎರಡನೆಯದಕ್ಕೆ ಯೋಜನೆಯವರು ಉತ್ತರ ಹೇಳಲೇಬೇಕಾಗುತ್ತದೆ.

ಸಭೆಗೆ ಬರಲಾಗದವರೂ ಸುಮ್ಮನಿರಬೇಕಾಗಿಲ್ಲ. ಯೋಜನೆಯೊಡನೆ ಸಂಬಂಧವುಳ್ಳವರು ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಲು ನಿಯಮದಲ್ಲಿ ಅವಕಾಶವುಂಟು. ನದಿಯ ಮೇಲ್ದಂಡೆಯಲ್ಲಿ ನಡೆಯುವ ಕೆಲಸಕ್ಕೆ ನರಸಿಂಹರಾಜಪುರದ ಕೃಷಿಕನೊಬ್ಬನು ತನ್ನ ಊರಿನ ಅಂಚೆಪೆಟ್ಟಿಗೆಯಿಂದಲೇ ಆಕ್ಷೇಪಣೆ ಸಲ್ಲಿಸಬಹುದು. ಇನ್ನು ಸಭೆಗೆ ಹೋದವರು ಕೊನೆಯವರೆಗೂ ಕುಳಿತಿರುವುದು ಒಳ್ಳೆಯದು. ಏಕೆಂದರೆ ನಡವಳಿಕೆಯನ್ನು ಆ ದಿನವೇ ಸಭೆಗೆ ಜನರ ಭಾಷೆಯಲ್ಲಿ ಓದಿ, ವಿವರಿಸಿ, ಬಳಿಕ ಸಹಿ ಮಾಡಬೇಕೆಂದು ನಿಯಮವಿದೆ. ತನ್ನ ಮಾತು ಬಿಟ್ಟುಹೋಗಿದೆಯೆಂದು ಹೇಳಲು ಅದೇ ಸಮಯ. ಅಷ್ಟು ಹೊತ್ತಿಗೆ ದೂರದ ಹಳ್ಳಿಯವರು ಅನೇಕ ವೇಳೆ ಕೊನೆಯ ಬಸ್ಸಿಗಾಗಿ ಎದ್ದು ಹೋಗಿರುತ್ತಾರೆ.