ಬಿದ್ದ ಮಳೆ, ಬರಲಿರುವ ನೆರೆ

ಸಂಸ್ಥೆ ನಡೆಸುವವರ ಮುಂದೆ ದೂರದೃಷ್ಟಿಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, “ಹಾಗಾದರೆ ಮುಂದೇನಾಗುತ್ತದೆ, ಹೇಳಿ” ಎಂಬುದು. ಅದಕ್ಕೆ ಉತ್ತರ ಕೊಡುವ ವಿದ್ಯೆ ಇದಲ್ಲ. ನಾಳೆಗೆ ಒಂದು ಅಂಕಿ ಹೇಳಿದರೆ ಅದು ಮುನ್ನಂದಾಜು. ಆ ಅಂಕಿಗೆ ಹಣ, ಆಳು, ಗಡುವು ಹೊಂದಿಸಿದರೆ ಯೋಜನೆ. ದೂರದೃಷ್ಟಿ, ಅಂದರೆ ಮುಂಗಾಣ್ಕೆ, ಇವೆರಡಕ್ಕೂ ಮೊದಲಿನ ಕೆಲಸ. ಆಗಿಯೇ ತೀರುವುದು ಯಾವುದು, ಯಾರಿಗೂ ತಿಳಿಯದ್ದು ಯಾವುದು ಎಂದು ಬೇರ್ಪಡಿಸಬೇಕು. ತಿಳಿಯದ ಭಾಗಕ್ಕೆ ಒಂದಕ್ಕಿಂತ ಹೆಚ್ಚು ಕಥೆ ಕಟ್ಟಿ ನೋಡಬೇಕು. ಈ ಕಥೆಗಳಿಗೆ ಸಿನಾರಿಯೊ ಎನ್ನುತ್ತಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಅಣುಯುದ್ಧದ ಬಗ್ಗೆ ಯೋಚಿಸುತ್ತಿದ್ದ ಹರ್ಮನ್ ಕಾನ್ ಈ ಪದ್ಧತಿಯನ್ನು ಬಳಕೆಗೆ ತಂದರು. ವ್ಯಾಪಾರ ಜಗತ್ತಿನಲ್ಲಿ ಅದಕ್ಕೆ ಹೆಸರು ತಂದುಕೊಟ್ಟದ್ದು ಶೆಲ್ ತೈಲ ಕಂಪನಿ.

ಶೆಲ್ 1973ರ ತೈಲ ಬಿಕ್ಕಟ್ಟನ್ನು ಮೊದಲೇ ಹೇಳಿಬಿಟ್ಟಿತ್ತು ಎಂದು ಅನೇಕರು ನಂಬಿದ್ದಾರೆ. ಹಾಗೇನೂ ಇಲ್ಲ. ಅಕ್ಟೋಬರ್ 6ರಂದು ಅರಬ್–ಇಸ್ರೇಲ್ ಯುದ್ಧ ಶುರುವಾಗುತ್ತದೆ, ಅರಬ್ ದೇಶಗಳು ತೈಲ ತಡೆಹಿಡಿಯುತ್ತವೆ ಎಂದು ಅಲ್ಲಿ ಯಾರೂ ಬರೆದಿಡಲಿಲ್ಲ. ತೆಹರಾನ್‌ನಲ್ಲಿ 1971ರಲ್ಲಿ ಆದ ಬೆಲೆ ಒಪ್ಪಂದ ಮರುಮಾತುಕತೆಗೆ ಬರುವ 1975ರ ಸುಮಾರಿಗೆ ಬೆಲೆ ಜಿಗಿದೀತು ಎಂಬುದು ಅವರ ಊಹೆಯಾಗಿತ್ತು. ಇಸವಿ ತಪ್ಪಿತು, ನೆಪವೂ ತಪ್ಪಿತು. ಆದರೂ ಆ ಕೆಲಸ ಇಂದಿಗೂ ಪಾಠವಾಗಿ ಉಳಿದಿದೆ. ಏಕೆಂದು ನೋಡಲು ಪಿಯರ್ ವ್ಯಾಕ್ ಎಂಬ ಫ್ರೆಂಚ್ ಯೋಜನಾಧಿಕಾರಿಯ ಮೇಜಿನ ಹತ್ತಿರ ಹೋಗಬೇಕು.

ವ್ಯಾಕ್ ಮತ್ತು ಅವರ ಸಹೋದ್ಯೋಗಿ ಟೆಡ್ ನ್ಯೂಲ್ಯಾಂಡ್ ತೈಲದ ಲೆಕ್ಕವನ್ನು ಮಾರುವವನ ಕಡೆಯಿಂದ ಹಾಕಿದರು. ಅಲ್ಲಿಯವರೆಗೆ ಕಂಪನಿಗಳು ಕೇಳುತ್ತಿದ್ದದ್ದು, ಜಗತ್ತಿಗೆ ಎಷ್ಟು ತೈಲ ಬೇಕು ಎಂದು ಮಾತ್ರ. ಬೇಕೆಂದಷ್ಟು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಇತ್ತು. ಇವರು ಒಂದೊಂದೇ ದೇಶವನ್ನು ಮುಂದಿಟ್ಟುಕೊಂಡು ಎರಡು ಪ್ರಶ್ನೆ ಕೇಳಿದರು: ನೆಲದಡಿ ತೈಲ ಎಷ್ಟಿದೆ? ತೈಲ ಮಾರಿ ಬಂದ ಹಣವನ್ನು ಖರ್ಚು ಮಾಡಲು ದಾರಿ ಎಷ್ಟಿದೆ? ಇರಾನಿನಲ್ಲಿ ಜನ ಹೆಚ್ಚು, ಹಣದ ಹಸಿವೂ ಹೆಚ್ಚು, ಆದರೆ ಸೌದಿಯಷ್ಟು ತೈಲವಿಲ್ಲ. ಸೌದಿ ಅರೇಬಿಯಾದಲ್ಲಿ ತೈಲ ಅಪಾರ, ಆದರೆ ಜನ ಕಡಿಮೆ. ಬಂದ ಹಣವೇ ಖರ್ಚಾಗದೆ ಉಳಿಯುವ ಸ್ಥಿತಿ. ಹಣದುಬ್ಬರದ ಕಾಲದಲ್ಲಿ ತೈಲ ತೆಗೆದು ಬ್ಯಾಂಕಿನಲ್ಲಿ ಡಾಲರ್ ಇಡುವುದಕ್ಕಿಂತ ನೆಲದಲ್ಲೇ ಬಿಟ್ಟರೆ ಲಾಭ. ಪಟ್ಟಿ ಮುಗಿದಾಗ ಒಂದು ಮನೆ ಖಾಲಿ ಉಳಿಯಿತು. ತೈಲವೂ ಹೇರಳ, ಹಣದ ಅಗತ್ಯವೂ ಹೇರಳ ಎನ್ನುವ ದೇಶ ಒಂದೂ ಇರಲಿಲ್ಲ!

ನನಗೆ ಈ ಖಾಲಿ ಮನೆ ಎಂದರೆ ಬಲು ಇಷ್ಟ. ಅದರಲ್ಲಿ ಗುಟ್ಟಿನ ಮಾಹಿತಿ ಏನೂ ಇಲ್ಲ. ಜನಸಂಖ್ಯೆ, ನಿಕ್ಷೇಪ ಎಲ್ಲರ ಕೈಗೂ ಸಿಗುತ್ತಿದ್ದ ಅಂಕಿಗಳು. ಅಮೆರಿಕದ ಉತ್ಪಾದನೆ 1970ರಲ್ಲಿ ಶಿಖರ ಮುಟ್ಟಿ ಇಳಿಯತೊಡಗಿದ್ದೂ, ಎಷ್ಟು ತೈಲ ಎತ್ತಬೇಕೆಂದು ಮಿತಿ ಹಾಕುತ್ತಿದ್ದ ಟೆಕ್ಸಸ್ ರಾಜ್ಯ ಆ ಮಿತಿಯನ್ನು ಸಡಿಲಿಸಿದ್ದೂ ಪತ್ರಿಕೆಗಳಲ್ಲಿ ಬಂದಿತ್ತು. ಅಂದರೆ ತುರ್ತಿಗೆ ಬೇಕೆಂದು ಕೂಡಿಟ್ಟ ಹೆಚ್ಚುವರಿ ಸಾಮರ್ಥ್ಯ ಅಲ್ಲೂ ಇರಲಿಲ್ಲ.

ಇಂಥ ಸಂಗತಿಗಳನ್ನು ಈಗಾಗಲೇ ನಡೆದುಹೋಗಿ ಪರಿಣಾಮ ಮಾತ್ರ ಬಾಕಿ ಇರುವ ಘಟನೆಗಳೆಂದು ವ್ಯಾಕ್ ನೋಡುತ್ತಿದ್ದರು. ವಿವರಿಸಲು ಅವರು ಬಳಸುತ್ತಿದ್ದದ್ದು ನಮ್ಮ ಗಂಗೆಯನ್ನೇ. ಗಂಗೆಯ ಮೇಲ್ಭಾಗದಲ್ಲಿ ಭಾರಿ ಮುಂಗಾರು ಮಳೆ ಬಿದ್ದರೆ ಎರಡು ದಿನದೊಳಗೆ ಋಷಿಕೇಶದಲ್ಲಿ, ಅದಾಗಿ ಮೂರ್ನಾಲ್ಕು ದಿನಕ್ಕೆ ಅಲಹಾಬಾದಿನಲ್ಲಿ, ಮತ್ತೆರಡು ದಿನಕ್ಕೆ ಕಾಶಿಯಲ್ಲಿ ನೀರೇರುವುದು ಖಚಿತ. ಅದು ಭವಿಷ್ಯವಾಣಿ ಅಲ್ಲ, ಬಿದ್ದ ಮಳೆಯ ಲೆಕ್ಕ.

ನಿಮ್ಮ ಸಂಸ್ಥೆಯಲ್ಲಿ ಈ ಮಳೆ ಎಲ್ಲಿ ಬಿದ್ದಿದೆ? ಸಿಬ್ಬಂದಿ ರಿಜಿಸ್ಟರ್‌ನಲ್ಲಿ ಹುಟ್ಟಿದ ದಿನಾಂಕದ ಕಾಲಂ ತೆರೆಯಿರಿ. 60ಕ್ಕೆ ನಿವೃತ್ತಿ ಎಂದಾದರೆ, ಇನ್ನು ಹತ್ತು ವರ್ಷದಲ್ಲಿ ಯಾರೆಲ್ಲ ಹೊರಡುತ್ತಾರೆ, ಅವರೊಂದಿಗೆ ಯಾವ ಯಂತ್ರದ ಒಳಗುಟ್ಟು, ಯಾವ ಹಳೆಯ ಗ್ರಾಹಕರ ನಂಟು ಹೊರಡುತ್ತದೆ ಎಂಬುದು ಅಲ್ಲೇ ಬರೆದಿದೆ. ಹೊಸಬರು ಸಿಗುತ್ತಾರೋ ಇಲ್ಲವೋ ಎಂಬುದಷ್ಟೇ ಅನಿಶ್ಚಿತ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ “ಭವಿಷ್ಯ ಯಾರಿಗೆ ಗೊತ್ತು” ಎನ್ನುವುದು ದೊಡ್ಡ ಹುದ್ದೆಯಲ್ಲಿ ಕೂತವರಿಗೆ ಒಪ್ಪುವ ಮಾತಲ್ಲ.

ಇನ್ನೊಂದು ಕಡೆ ಬಹುತೇಕರು ಎಡವುತ್ತಾರೆ. ಒಳ್ಳೆಯದು, ಕೆಟ್ಟದ್ದು, ನಡುವಿನದು ಎಂದು ಮೂರು ಸಿನಾರಿಯೊ ಬರೆದು, ಸಭೆಯಲ್ಲಿ ಎಲ್ಲರೂ ನಡುವಿನದನ್ನೇ ಆರಿಸಿ ಎದ್ದುಹೋಗುತ್ತಾರೆ. ಅಲ್ಲಿಗೆ ಹಳೆಯ ಮುನ್ನಂದಾಜೇ ಹೊಸ ಅಂಗಿ ತೊಟ್ಟು ಬಂದಂತಾಯಿತು. ವ್ಯಾಕ್ ಅವರ ಮೊದಲ ಸುತ್ತಿನ ಸಿನಾರಿಯೊಗಳೂ ಅನಿಶ್ಚಿತತೆಗಳನ್ನು ಪೇರಿಸಿಟ್ಟವಷ್ಟೇ. ಅಧಿಕಾರಿಗಳು ಆಸಕ್ತಿಯಿಂದ ಕೇಳಿದರು, ನಿರ್ಧಾರ ಮಾತ್ರ ಬದಲಾಗಲಿಲ್ಲ. 1972ರಲ್ಲಿ ಅವರು ದಾರಿ ಬದಲಿಸಿದರು. ಎಲ್ಲವೂ ಹೀಗೇ ಸಾಗುತ್ತದೆ ಎಂಬ ನಂಬಿಕೆಯನ್ನೇ ಒಂದು ಕಥೆಯಾಗಿಸಿ, ಅದು ನಿಜವಾಗಲು ಮೂರು ಪವಾಡಗಳು ಒಟ್ಟಿಗೆ ನಡೆಯಬೇಕೆಂದು ತೋರಿಸಿದರು: ತೈಲ ರಫ್ತು ದೇಶಗಳ ಕೂಟವಾದ ಒಪೆಕ್‌ನ ಹೊರಗೆ ಅಸಾಧಾರಣ ಪ್ರಮಾಣದ ಹೊಸ ತೈಲ ಸಿಗಬೇಕು, ತೈಲ ದೇಶಗಳೆಲ್ಲ ಕೊಳ್ಳುವವರ ಇಷ್ಟದಂತೆ ತಮ್ಮ ನಿಕ್ಷೇಪ ಬರಿದುಮಾಡಲು ಒಪ್ಪಬೇಕು, ಯುದ್ಧವಾಗಲಿ ಅವಘಡವಾಗಲಿ ಒಂದೂ ಬರಬಾರದು. ಕೇಳಿದವರಿಗೆ ತಾವು ಇಷ್ಟು ದಿನ ಯಾವುದನ್ನು ಸಾಮಾನ್ಯ ಎಂದುಕೊಂಡಿದ್ದೆವೆಂಬುದು ಕಣ್ಣಿಗೆ ಕಟ್ಟಿತು. 1973ರ ಅಕ್ಟೋಬರ್ ಆರಂಭದಲ್ಲಿ ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಘೋಷಿತ ಬೆಲೆ ಮೂರೇ ತಿಂಗಳಲ್ಲಿ ಏರುತ್ತ ಹೋಗಿ 1974ರ ಜನವರಿಗೆ 11.65 ಡಾಲರ್ ಆದಾಗ, ಅವರ ತಲೆಯಲ್ಲಿ ಆ ಜಗತ್ತಿಗೆ ಆಗಲೇ ಜಾಗವಿತ್ತು. ಶುದ್ಧೀಕರಣ ಘಟಕಗಳನ್ನು ಹಳೆಯ ಅಂದಾಜಿನಂತೆ ಹಿಗ್ಗಿಸುವುದನ್ನು ಶೆಲ್ ಬೇಗ ಕೈಬಿಟ್ಟಿತು.

ಈ ವಿಷಯ ಒಂದು ಅಧ್ಯಾಯಕ್ಕೆ ಮುಗಿಯುವಂಥದ್ದಲ್ಲ. ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ 1985ರಲ್ಲಿ ವ್ಯಾಕ್ ಬರೆದ ಎರಡು ಲೇಖನಗಳನ್ನು ದಯವಿಟ್ಟು ಓದಿ; ವಿಫಲವಾದ ಮೊದಲ ಸುತ್ತಿನ ಭಾಗವನ್ನಂತೂ ಬಿಡಬೇಡಿ. ಆಮೇಲೆ ದಕ್ಷಿಣ ಆಫ್ರಿಕಾದ ಮಾಂಟ್ ಫ್ಲೂರ್ ಸಿನಾರಿಯೊಗಳಿಗೆ ಬನ್ನಿ. ವರ್ಣಭೇದ ನೀತಿ ಕೊನೆಗೊಳ್ಳುತ್ತಿದ್ದ 1991–92ರಲ್ಲಿ ಕಾರ್ಮಿಕ ನಾಯಕರು, ಉದ್ಯಮಿಗಳು, ಎದುರಾಳಿ ಪಕ್ಷಗಳವರು ಸೇರಿ 22 ಜನ ಒಂದೇ ಮೇಜಿನ ಸುತ್ತ ಕೂತು ದೇಶದ ನಾಲ್ಕು ನಾಳೆಗಳನ್ನು ಬರೆದರು. ಒಂದೇ ಕಂಪನಿಯ ಒಳಗೆ ಪಳಗಿದ ವಿಧಾನ, ಒಬ್ಬರನ್ನೊಬ್ಬರು ನಂಬದವರ ನಡುವೆ ಹೇಗೆ ಕೆಲಸ ಮಾಡಿತೆಂಬುದು ಅಲ್ಲಿ ವಿವರವಾಗಿ ಸಿಗುತ್ತದೆ.