ಮಾನಸಿಕ ಅಸ್ವಾಸ್ಥ್ಯ: ಚಿಕಿತ್ಸಕರ ಪಾತ್ರ, ಮಾಲೀಕರ ಹೊಣೆ

ಯಂತ್ರವೊಂದು ಕೆಟ್ಟರೆ ಅದನ್ನು ದುರಸ್ತಿ ಮಾಡಿಸಲು ಯಾವ ಉದ್ಯಮಿಯೂ ಹಿಂಜರಿಯುವುದಿಲ್ಲ. ಆದರೆ ಅದನ್ನು ನಡೆಸುವ ನೌಕರನು ನಿದ್ದೆಗೆಟ್ಟು, ಮಂಕಾಗಿ, ಪದೇ ಪದೇ ಗೈರುಹಾಜರಾಗತೊಡಗಿದರೆ ಆತನಿಗೆ ದೊರೆಯುವುದು ಮೊದಲು ಎಚ್ಚರಿಕೆ ಪತ್ರ, ಅನಂತರ ಲೆಕ್ಕ ಚುಕ್ತಾ. ಇದು ಚಿಕಿತ್ಸೆಯಿಂದ ಸರಿಹೋಗಬಹುದಾದ ಕಾಯಿಲೆಯೇ ಎಂಬ ಪ್ರಶ್ನೆ ಏಳುವುದೇ ಅಪರೂಪ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ವಿವಿಧ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯಿಂದ ಹೊರಗುಳಿದಿದ್ದರು.

ಯಾರ ಕೆಲಸವೇನು?

ಮನೋವೈದ್ಯರು ರೋಗವನ್ನು ಗುರುತಿಸಿ ಔಷಧಿ ಬರೆಯುತ್ತಾರೆ. ಚಿಕಿತ್ಸಾ ಮನೋವಿಜ್ಞಾನಿಗಳು ಔಷಧಿ ನೀಡುವುದಿಲ್ಲ. ಪರೀಕ್ಷೆಗಳ ಮೂಲಕ ಮನಃಸ್ಥಿತಿಯನ್ನು ಅಳೆದು, ಕ್ರಮಬದ್ಧ ಮಾತುಕತೆಯಿಂದ ರೋಗಿಯ ಆಲೋಚನೆ, ನಡವಳಿಕೆಗಳನ್ನು ತಿದ್ದಲು ನೆರವಾಗುತ್ತಾರೆ. ಔಷಧಿಯು ಕ್ರಮ ತಪ್ಪದಂತೆ, ಅದರ ಅಡ್ಡಪರಿಣಾಮಗಳು ಕಣ್ತಪ್ಪದಂತೆ ನೋಡಿಕೊಳ್ಳುವವರು ಶುಶ್ರೂಷಕರು. ಉದ್ಯಮಿಗಳಿಗೆ ಅತ್ಯಂತ ಹತ್ತಿರವಾದ ಕೆಲಸವು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರದು. ಅವರು ಕುಟುಂಬಕ್ಕೆ ತಿಳಿವಳಿಕೆ ನೀಡುವುದಲ್ಲದೆ, ರೋಗಿಯ ಒಪ್ಪಿಗೆಯಿದ್ದಲ್ಲಿ ಮಾಲೀಕರೊಡನೆ ಮಾತನಾಡಿ ಆತನು ಕೆಲಸಕ್ಕೆ ಮರಳುವ ದಾರಿಯನ್ನು ಸುಗಮಗೊಳಿಸುತ್ತಾರೆ.

ಖಿನ್ನತೆಯ ಔಷಧಿಗಳು ಪರಿಣಾಮ ತೋರಲು ಕೆಲವು ವಾರಗಳು ಬೇಕು. ಗುಣ ಕಂಡಿತೆಂದು ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವವಿದೆ. ಆದುದರಿಂದ ರಾತ್ರಿ ಪಾಳಿಯಿಂದ ಬಿಡುವು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಅರ್ಧ ದಿನದ ರಜೆ ಇವು ಅಲ್ಪ ವೆಚ್ಚದ ದೊಡ್ಡ ಸಹಾಯಗಳು. ನುರಿತ ಕೆಲಸಗಾರನನ್ನು ಕಳೆದುಕೊಂಡು ಹೊಸಬನನ್ನು ತಯಾರು ಮಾಡುವ ಖರ್ಚಿನೊಡನೆ ಇದನ್ನು ಹೋಲಿಸಿ ನೋಡಬೇಕು.

ಕಾನೂನು ಮತ್ತು ವಿಮೆ

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 21(4)ನೇ ಕಲಮಿನಂತೆ ವಿಮಾ ಸಂಸ್ಥೆಗಳು ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮೆ ಒದಗಿಸತಕ್ಕದ್ದು. ನೌಕರರ ಗುಂಪು ವಿಮೆಯನ್ನು ನವೀಕರಿಸುವಾಗ ಈ ಅಂಶವನ್ನು, ಹೊರರೋಗಿ ಚಿಕಿತ್ಸೆಯ ವೆಚ್ಚ ಸೇರಿದೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಳ್ಳುವುದು ಲೇಸು. ಇ.ಎಸ್.ಐ. ಯೋಜನೆಯ ವಿಸ್ತೃತ ಅನಾರೋಗ್ಯ ಭತ್ಯೆಯ ದೀರ್ಘಕಾಲಿಕ ರೋಗಗಳ ಪಟ್ಟಿಯಲ್ಲಿ ಸೈಕೋಸಿಸ್, ಅಂದರೆ ತೀವ್ರ ಮನೋವಿಕಾರವೂ ಇದೆ. ಸೇವಾವಧಿ ಹಾಗೂ ವಂತಿಗೆಯ ಷರತ್ತುಗಳನ್ನು ಪೂರೈಸಿದ ಕಾರ್ಮಿಕನಿಗೆ ವೇತನದ ಶೇ. 80ರ ದರದಲ್ಲಿ ಗರಿಷ್ಠ ಎರಡು ವರ್ಷಗಳವರೆಗೆ ಇದು ದೊರೆಯಬಲ್ಲುದು. ವಂತಿಗೆ ಕಟ್ಟುತ್ತ ಬಂದ ಎಷ್ಟೋ ಮಾಲೀಕರಿಗೇ ಈ ಸೌಲಭ್ಯದ ಅರಿವಿಲ್ಲ.

ಅದೇ ಕಾಯ್ದೆಯ 23ನೇ ಕಲಮು ರೋಗಿಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ. ನೌಕರನ ಕಾಯಿಲೆ ಏನೆಂದು ಕೆದಕುವುದಾಗಲಿ, ಅಂಗಡಿಯಲ್ಲಿ ಹತ್ತು ಮಂದಿಗೆ ಹೇಳುವುದಾಗಲಿ ಸಲ್ಲದು.

ನೆರವು ಎಲ್ಲಿ?

ಚಿಕಿತ್ಸೆಗೆ ಮಹಾನಗರಕ್ಕೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಈ ಸಂಖ್ಯೆಯು ನೌಕರರಿಗೆ ಮಾತ್ರವಲ್ಲ. ಬಾಕಿ ವಸೂಲಾಗದೆ, ಬ್ಯಾಂಕಿನ ಕಂತು ಕಟ್ಟಲಾಗದೆ, ಮನೆಯವರಿಗೂ ಹೇಳಿಕೊಳ್ಳಲಾಗದೆ ಒಳಗೊಳಗೇ ಕುಸಿಯುವ ವ್ಯಾಪಾರಿಯೂ ಚಿಕಿತ್ಸಕರ ನೆರವಿಗೆ ಅರ್ಹನೇ. ಸಾಲಕ್ಕೆ ಮರುಹೊಂದಾಣಿಕೆಯ ದಾರಿಗಳುಂಟು. ಅವುಗಳನ್ನು ಯೋಚಿಸುವಷ್ಟು ಮನಸ್ಸು ಮೊದಲು ತಿಳಿಯಾಗಬೇಕು. ಸೂಚನಾ ಫಲಕದಲ್ಲಿ ಅಗ್ನಿಶಾಮಕ ದಳದ ಸಂಖ್ಯೆಯ ಪಕ್ಕದಲ್ಲಿ ಇದನ್ನೂ ಬರೆಸುವುದು ಪ್ರತಿಯೊಂದು ಘಟಕಕ್ಕೂ ಸಾಧ್ಯವಿರುವ ಕೆಲಸ.