ವಾರಾಂತ್ಯಕ್ಕೊಂದು ಹಡಗು

ಘಾಟ್ಕೋಪರಿನಿಂದ ಬಲ್ಲಾರ್ಡ್ ಪಿಯರ್‌ಗೆ ಹೋಗಲು ಎರಡು ದಾರಿ. ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದು ಟ್ಯಾಕ್ಸಿ ಮಾಡುವುದು ಒಂದು. ಅಜ್ಜ, ಅಜ್ಜಿ, ಮಕ್ಕಳು, ನಾಲ್ಕಾರು ಪೆಟ್ಟಿಗೆ ಜೊತೆಗಿದ್ದರೆ ಮಾನ್‌ಖುರ್ದ್ ಲಿಂಕ್ ರೋಡಿನ ಮೂಲಕ ಈಸ್ಟರ್ನ್ ಫ್ರೀವೇ ಏರುವುದು ಇನ್ನೊಂದು. ಫ್ರೀವೇ ಕೊನೆಗೆ ಇಳಿಯುವುದು ಪಿ. ಡಿಮೆಲ್ಲೋ ರಸ್ತೆಗೆ. ಆ ಹೆಸರು ಮಂಗಳೂರು ಕಡೆಯವರದು. ಮುಂಬಯಿಯ ಗೋದಿ (ಡಾಕ್) ಕಾರ್ಮಿಕರನ್ನು ಸಂಘಟಿಸಿದ ಪ್ಲಾಸಿಡ್ ಡಿಮೆಲ್ಲೋ ಅವರು. 1949ರಲ್ಲಿ ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಎಂಬ ತರುಣನನ್ನು ಕಾರ್ಮಿಕ ಚಳವಳಿಗೆ ಎಳೆದುಕೊಂಡವರೂ ಅವರೇ. ಅವರ ಕಾಲದಲ್ಲಿ ಈ ರಸ್ತೆಯ ಪಕ್ಕದ ಗೋದಿಗಳಿಗೆ ಬರುತ್ತಿದ್ದವರು ಮೂಟೆ ಹೊರುವವರು. ಈಗ ಪಂತ್ ನಗರ, ಗರೋಡಿಯಾ ನಗರಗಳ ಸಂಸಾರಗಳು ಚಕ್ರದ ಪೆಟ್ಟಿಗೆ ಎಳೆದುಕೊಂಡು ಅತ್ತ ಹೊರಡುತ್ತವೆ, ಎರಡೋ ಮೂರೋ ರಾತ್ರಿ ಸಮುದ್ರದ ಮೇಲೆ ಕಳೆಯಲು.

ಅವರನ್ನು ಕಾಯುವ ಹಡಗಿನ ಹೆಸರು ‘ಎಂಪ್ರೆಸ್’. ನಡೆಸುವವರು ಕಾರ್ಡೇಲಿಯಾ ಕ್ರೂಸಸ್. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟ ಈ ಹಡಗು ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆ ಓಡಾಡುತ್ತಾ ನಗರದ ಮಧ್ಯಮ ವರ್ಗಕ್ಕೆ ಕ್ರೂಸ್ ಎಂಬುದನ್ನು ಪರಿಚಯಿಸಿದೆ. ಹಿಂದೆಯೂ ಪ್ರಯತ್ನಗಳು ನಡೆದಿದ್ದವು. 2005ರಲ್ಲಿ ಸ್ಟಾರ್ ಕ್ರೂಸಸ್‌ನ ‘ಸೂಪರ್‌ಸ್ಟಾರ್ ಲಿಬ್ರಾ’ ಮುಂಬಯಿಯನ್ನು ನೆಲೆ ಮಾಡಿಕೊಂಡಿತ್ತು. 2018ರಲ್ಲಿ ‘ಆಂಗ್ರಿಯಾ’ ಎಂಬ ಚಿಕ್ಕ ಹಡಗು ಗೋವಾ ಯಾನ ಶುರು ಮಾಡಿತು. ಆದರೆ ಹೌಸಿಂಗ್ ಸೊಸೈಟಿಯ ಲಿಫ್ಟಿನಲ್ಲಿ, ಮಹಿಳಾ ಮಂಡಳಿಯ ಕೂಟದಲ್ಲಿ ಕ್ರೂಸ್ ಮಾತಿನ ವಿಷಯವಾದದ್ದು ಎಂಪ್ರೆಸ್ ಬಂದ ಮೇಲೆ. 2025ರಲ್ಲಿ ಬಲ್ಲಾರ್ಡ್ ಪಿಯರ್‌ನಲ್ಲಿ ಮುಂಬಯಿ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ತೆರೆದ ಮೇಲಂತೂ ಹಡಗು ಹತ್ತುವ ಕೆಲಸ ವಿಮಾನ ನಿಲ್ದಾಣದ ಶಿಸ್ತಿಗೆ ಬಂದಿದೆ.

ಈ ಹಡಗಿನ ಹುಟ್ಟಿನ ಕತೆ ತಿಳಿದರೆ ಅದರೊಳಗೆ ಏನು ಸಿಗುತ್ತದೆ ಎಂಬುದು ಅರ್ಧ ತಿಳಿದಂತೆ. ಫ್ರಾನ್ಸಿನ ಸೇಂಟ್ ನಜೇರ್ ಹಡಗುಕಟ್ಟೆಯಲ್ಲಿ ತಯಾರಾಗಿ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಇದು ಯಾನ ಆರಂಭಿಸಿತು. ರಾಯಲ್ ಕೆರೀಬಿಯನ್ ಕಂಪನಿ ಇದನ್ನು ಓಡಿಸಿದ್ದು ಮಯಾಮಿಯಿಂದ ಬಹಾಮಾಸ್‌ಗೆ, ಮೂರು ನಾಲ್ಕು ದಿನಗಳ ಯಾನಕ್ಕೆ. ಹೆಚ್ಚು ರಜೆ ಇಲ್ಲದ, ಹೆಚ್ಚು ಹಣವೂ ಇಲ್ಲದ ಸಂಸಾರಗಳು ವಾರಾಂತ್ಯದಲ್ಲಿ ಹೋಗಿಬರಲೆಂದೇ ಇದರ ವಿನ್ಯಾಸ. ಆದ್ದರಿಂದ ಕ್ಯಾಬಿನ್‌ಗಳು ಪುಟ್ಟವು, ಎಲ್ಲರೂ ಸೇರುವ ಜಾಗಗಳು ದೊಡ್ಡವು. ನಡುವೆ ಹಲವು ಅಂತಸ್ತು ಮೇಲಕ್ಕೇರುವ ತೆರೆದ ಅಂಗಣ, ಸುತ್ತ ಮೆಟ್ಟಿಲು, ಗಾಜಿನ ಲಿಫ್ಟು. ‘ಎಂಪ್ರೆಸ್ ಆಫ್ ದಿ ಸೀಸ್’ ಎಂದು ಹೆಸರು ಬದಲಾಯಿತು, ಕೆಲವು ವರ್ಷ ಸ್ಪೇನಿನ ಪುಲ್‌ಮಂತೂರ್ ಕಂಪನಿಯ ಬಳಿ ಇತ್ತು, ಮತ್ತೆ ರಾಯಲ್ ಕೆರೀಬಿಯನ್‌ಗೆ ಮರಳಿ ಕ್ಯೂಬಾಕ್ಕೂ ಹೋಗಿಬಂತು. ಕೋವಿಡ್ ಕಾಲದಲ್ಲಿ, 2020ರ ಕೊನೆಗೆ ಮಾರಾಟವಾಗಿ ಭಾರತದ ಪಾಲಿಗೆ ಬಂತು.

ಉದ್ದ ಸುಮಾರು 211 ಮೀಟರ್. ಒಟ್ಟು ಟನ್ನೇಜ್ 48,563. ಇದು ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಇದರ ಐದು ಪಟ್ಟಿಗಿಂತ ದೊಡ್ಡದು. ಇಂಟರ್‌ನೆಟ್ಟಿನಲ್ಲಿ ಆ ಬಗೆಯ ಹಡಗುಗಳ ವಿಡಿಯೊ ನೋಡಿ, ವಾಟರ್ ಪಾರ್ಕು, ಐಸ್ ಸ್ಕೇಟಿಂಗ್ ಎಲ್ಲ ಇಲ್ಲೂ ಇರುತ್ತದೆಂದು ನಂಬಿ ಬಂದವರಿಗೆ ಬೇಸರವಾಗಬಹುದು. ಎಂಪ್ರೆಸ್ ಹಳೆಯ ಹಡಗು, ಮಧ್ಯಮ ಗಾತ್ರದ್ದು. ವಯಸ್ಸಾದವರಿಗೆ ಅದೇ ಅನುಕೂಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೂ ಕಾಲು ಸೋಲುವುದಿಲ್ಲ. ಕಣ್ತಪ್ಪಿದ ಮೊಮ್ಮಗ ಈಜುಕೊಳದ ಬಳಿಯೋ ಫುಡ್ ಕೋರ್ಟಿನಲ್ಲೋ ಸಿಕ್ಕೇ ಸಿಗುತ್ತಾನೆ.

ಕ್ರೂಸ್ ಎಂದರೆ ಕೋಟು, ಟೈ, ಗೊತ್ತುಪಡಿಸಿದ ಮೇಜು, ಗೊತ್ತುಪಡಿಸಿದ ಹೊತ್ತಿಗೆ ಊಟ ಎಂಬ ಕಾಲವೊಂದಿತ್ತು. ಅಟ್ಲಾಂಟಿಕ್ ದಾಟುವ ಲೈನರ್‌ಗಳಿಂದ ಬಂದ ರೂಢಿ ಅದು. 1972ರಲ್ಲಿ ಶುರುವಾದ ಕಾರ್ನಿವಲ್ ಕಂಪನಿ ತನ್ನ ಹಡಗುಗಳನ್ನು ಮೋಜಿನ ಹಡಗುಗಳೆಂದು ಕರೆದು ಆ ಬಿಗುವನ್ನು ಸಡಿಲಿಸಿತು. 2000ದ ಹೊತ್ತಿಗೆ ನಾರ್ವೇಜಿಯನ್ ಕಂಪನಿ ಬೇಕಾದಾಗ, ಬೇಕಾದಲ್ಲಿ, ಬೇಕಾದವರ ಜೊತೆ ಊಟ ಮಾಡಿ ಎಂದಿತು. ಮುಂಬಯಿಯ ಹಡಗಿನಲ್ಲಿ ಕಾಣುವುದು ಈ ಸಡಿಲತನದ ಮುಂದುವರಿಕೆ. ಸೀರೆ, ಸಲ್ವಾರ್, ಟೀ ಶರ್ಟು ಎಲ್ಲವೂ ನಡೆಯುತ್ತದೆ. ಸಂಜೆಯ ಪ್ರದರ್ಶನಕ್ಕೆ ಚೆಂದದ ಒಂದು ಜೊತೆ ಬಟ್ಟೆ ಇದ್ದರೆ ಫೋಟೊಗೆ ಚೆನ್ನ, ಅಷ್ಟೇ.

ಟರ್ಮಿನಲ್‌ನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಒಪ್ಪಿಸಿದರೆ ಅವು ಬೇರೆ ದಾರಿಯಿಂದ ಕ್ಯಾಬಿನ್ ಬಾಗಿಲಿಗೆ ಬರುತ್ತವೆ. ತಲುಪಲು ಕೆಲವು ಗಂಟೆ ಹಿಡಿಯಬಹುದು. ಅಜ್ಜನ ಬಿಪಿ ಮಾತ್ರೆ, ಮಗುವಿನ ಬದಲಿ ಬಟ್ಟೆ, ಈಜುಡುಗೆ ಇವೆಲ್ಲ ಕೈಚೀಲದಲ್ಲಿರಬೇಕು. ದೇಶದೊಳಗಿನ ಯಾನಕ್ಕೆ ಸರಕಾರಿ ಗುರುತಿನ ಚೀಟಿ ಸಾಕು, ಶ್ರೀಲಂಕಾದಂಥ ಕಡೆಗೆ ಪಾಸ್‌ಪೋರ್ಟ್. ಪ್ರತಿಯೊಬ್ಬರಿಗೂ ಕಾರ್ಡೊಂದು ಸಿಗುತ್ತದೆ. ಕೋಣೆಯ ಕೀಲಿ ಅದೇ, ಹಡಗಿನೊಳಗಿನ ಹಣವೂ ಅದೇ. ಸುರಕ್ಷತಾ ಕವಾಯತಿನಲ್ಲಿ ತಮ್ಮ ಜಾಗ ಯಾವುದೆಂಬುದೂ ಅದರ ಮೇಲೆಯೇ ಇರುತ್ತದೆ.

ಕ್ಯಾಬಿನ್ ಬಾಗಿಲು ತೆರೆದ ಕೂಡಲೇ ಮುಂಬಯಿಯವರಿಗೆ ಅದರ ಅಳತೆ ಅರ್ಥವಾಗುತ್ತದೆ. ಚಿಕ್ಕ ಮನೆಯಲ್ಲಿ ಜೋಡಿಸಿಕೊಂಡು ಬದುಕುವುದು ಅವರಿಗೆ ಹೊಸತಲ್ಲ. ಎರಡು ಹಾಸಿಗೆ, ಗೋಡೆಯಿಂದ ಕೆಳಗಿಳಿಯುವ ಮೇಲ್ಮಂಚ, ಪುಟ್ಟ ಮೇಜು, ಮಂಚದ ಕೆಳಗೆ ಪೆಟ್ಟಿಗೆಗೆ ಜಾಗ. ಗೋಡೆಗಳು ಉಕ್ಕಿನವು, ಹಾಗಾಗಿ ಅಯಸ್ಕಾಂತ ಅಂಟುತ್ತದೆ. ತಿಳಿದವರು ಒಂದೆರಡು ಅಯಸ್ಕಾಂತದ ಕೊಕ್ಕೆ ತಂದು ಒದ್ದೆ ಟವೆಲು ತೂಗುಹಾಕುತ್ತಾರೆ. ಬಚ್ಚಲಿಗೆ ಎತ್ತರದ ಹೊಸ್ತಿಲು. ನೀರು ಹೊರಗೆ ಬರದಿರಲೆಂದು ಮಾಡಿದ್ದು. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದ ಹಿರಿಯರು ಎಡವುವುದು ಅಲ್ಲೇ, ಹಾಗಾಗಿ ಬಚ್ಚಲ ದೀಪ ಉರಿಯುತ್ತಿರಲಿ. ಶೌಚಾಲಯದ್ದು ನಿರ್ವಾತ ಎಳೆತ. ಗುಂಡಿ ಒತ್ತಿದ ಕ್ಷಣ ಬರುವ ಭುಸ್ಸೆಂಬ ಸದ್ದಿಗೆ ಮಕ್ಕಳು ಬೆಚ್ಚುತ್ತಾರೆ. ಮೊದಲೇ ಹೇಳಿಟ್ಟರೆ ಒಳ್ಳೆಯದು. ಒಳಗಿನ ಕ್ಯಾಬಿನ್‌ಗೆ ಕಿಟಕಿಯಿಲ್ಲ, ಬೆಳಗಾದದ್ದೂ ತಿಳಿಯುವುದಿಲ್ಲ. ಹೊರಬದಿಯದ್ದಕ್ಕೆ ತೆರೆಯಲಾಗದ ಗಾಜು, ದುಬಾರಿ ಸೂಟುಗಳಿಗೆ ಬಾಲ್ಕನಿ. ಹಗಲೆಲ್ಲ ಡೆಕ್ಕಿನ ಮೇಲಿರುವ ಕುಟುಂಬಕ್ಕೆ ಒಳಗಿನದೇ ಸಾಕು. ನಡೆಯಲು ಕಷ್ಟಪಡುವ ಅಜ್ಜಿ ಜೊತೆಗಿದ್ದರೆ ಕಿಟಕಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಹಡಗು ಬಿಡುವ ಮುಂಚೆ, ಇಲ್ಲವೇ ಬಿಟ್ಟ ಕೂಡಲೇ, ಸುರಕ್ಷತಾ ಕವಾಯತು ಕಡ್ಡಾಯ. ಏಳು ಚಿಕ್ಕ ಕೂಗು, ಒಂದು ದೀರ್ಘ ಕೂಗು: ಜಗತ್ತಿನ ಎಲ್ಲ ಹಡಗುಗಳಲ್ಲೂ ಅಪಾಯದ ಕರೆ ಇದೇ. ಟೈಟಾನಿಕ್ 1912ರಲ್ಲಿ ಮುಳುಗಿದ ಮೇಲೆ ಹುಟ್ಟಿದ ಸಮುದ್ರ ಸುರಕ್ಷತಾ ಒಪ್ಪಂದದ ಫಲವಿದು. ಹಿಂದೆ ಯಾತ್ರಿಕರು ಹತ್ತಿದ 24 ಗಂಟೆಯೊಳಗೆ ಕವಾಯತು ನಡೆಸಿದರೆ ಸಾಕಿತ್ತು. 2012ರ ಜನವರಿ 13ರಂದು ಇಟಲಿಯಲ್ಲಿ ‘ಕೋಸ್ತಾ ಕಾಂಕಾರ್ಡಿಯಾ’ ಬಂಡೆಗೆ ಬಡಿದಾಗ ಆಗತಾನೇ ಹತ್ತಿದ್ದ ನೂರಾರು ಮಂದಿಗೆ ಕವಾಯತೇ ಆಗಿರಲಿಲ್ಲ. ನಿಯಮ ಬಿಗಿಯಾದದ್ದು ಆ ಬಳಿಕ. ಮುಂಬಯಿಗೆ ತನ್ನದೇ ನೋವಿನ ನೆನಪಿದೆ: 1947ರ ಜುಲೈ 17ರಂದು ರೇವಸ್‌ಗೆ ಹೊರಟಿದ್ದ ‘ರಾಮದಾಸ್’ ಎಂಬ ಸ್ಟೀಮರು ಮಳೆಗಾಲದ ಅಲೆಗೆ ಮಗುಚಿ 600ಕ್ಕೂ ಹೆಚ್ಚು ಜನ ಸತ್ತರು. ಅರ್ಧ ಗಂಟೆಯ ಈ ಕವಾಯತಿಗೆ ಬೇಸರಪಡುವವರು, ಸೆಲ್ಫಿಯಲ್ಲಿ ಮುಳುಗುವವರು ಈಗಲೂ ಇದ್ದಾರೆ. ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಬೇರೆಯೇ ಇರುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳುವುದು ಹೆತ್ತವರ ಹೊಣೆ.

ಹಗ್ಗ ಬಿಚ್ಚುವ ಹೊತ್ತಿಗೆ ಎಲ್ಲರೂ ಮೇಲಿನ ಡೆಕ್ಕಿನಲ್ಲಿರುವುದು ಲೇಸು. ಟಗ್ಗುಗಳು ಹಡಗನ್ನು ಕಟ್ಟೆಯಿಂದ ಮೆಲ್ಲಗೆ ಬಿಡಿಸುತ್ತವೆ. ಬಂದರಿನ ಪೈಲಟ್ ಕ್ಯಾಪ್ಟನ್ ಪಕ್ಕದಲ್ಲೇ ನಿಂತು ದಾರಿ ತೋರುತ್ತಾನೆ. ಬಲಕ್ಕೆ ನೌಕಾನೆಲೆ, ಗೇಟ್‌ವೇ ಆಫ್ ಇಂಡಿಯಾ, ತಾಜ್. ಎಡಕ್ಕೆ ದೂರದಲ್ಲಿ ಎಲಿಫೆಂಟಾ. ಲೋಕಲಿನ ನೂಕುನುಗ್ಗಲಲ್ಲೇ ಜೀವ ಸವೆಸಿದವರು ತಮ್ಮ ನಗರವನ್ನು ಸಮುದ್ರದ ಕಡೆಯಿಂದ ನೋಡುವುದು ಬಹುಶಃ ಆಗಲೇ. ಕೊಲಾಬಾ ತುದಿಯ ಪ್ರಾಂಗ್ಸ್ ದೀಪಸ್ತಂಭ ಹಿಂದಾದ ಮೇಲೆ ತೆರೆದ ಸಮುದ್ರ. ಪೈಲಟ್ ಹಗ್ಗದ ಏಣಿಯಿಂದ ಪುಟ್ಟ ದೋಣಿಗಿಳಿದು ಹಿಂತಿರುಗುತ್ತಾನೆ. ಓಡುವ ಹಡಗಿಗೆ ತಾಗಿಕೊಂಡೇ ದೋಣಿಯೂ ಓಡುತ್ತಿರುತ್ತದೆ, ಆತ ಅಲೆಯ ಲಯ ನೋಡಿ ಕಾಲಿಡುತ್ತಾನೆ. ಇಡೀ ಯಾನದಲ್ಲಿ ಅಷ್ಟು ನುರಿತ ಕೆಲಸ ಇನ್ನೊಂದು ಕಣ್ಣಿಗೆ ಬೀಳದು. ಹೆಚ್ಚಿನವರು ಅದೇ ಸಮಯಕ್ಕೆ ಊಟದ ಸಾಲಿನಲ್ಲಿರುತ್ತಾರೆ.

ಊಟದ ಮಾತು ಘಾಟ್ಕೋಪರಿನವರಿಗೆ ಮುಖ್ಯ. ಗುಜರಾತಿ ಜೈನರು ದೊಡ್ಡ ಸಂಖ್ಯೆಯಲ್ಲಿರುವ, ಕರಾವಳಿಯವರ ಹೋಟೆಲುಗಳಿರುವ, ಖಾವು ಗಲ್ಲಿಗೆ ಹೆಸರಾದ ಉಪನಗರವಿದು. ವಿದೇಶಿ ಕ್ರೂಸ್‌ಗಳಿಗೆ ಇಲ್ಲಿನ ಜನ ಹಿಂಜರಿಯುತ್ತಿದ್ದದ್ದು ಊಟದ ಭಯಕ್ಕೇ. ಎಂಪ್ರೆಸ್‌ನಲ್ಲಿ ಸಸ್ಯಾಹಾರ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇಲ್ಲದ ಜೈನ ಊಟವೂ ಇದೆ. ಬೆಳಗಿನ ಬಫೆಯಲ್ಲಿ ಇಡ್ಲಿ ಸಾಂಬಾರು, ಪೋಹೆ, ಪರಾಠ ಅಕ್ಕಪಕ್ಕ. ಸ್ಟಾರ್‌ಲೈಟ್ ಎಂಬ ರೆಸ್ಟೋರೆಂಟಿನಲ್ಲಿ ಕೂತು ಬಡಿಸಿಕೊಳ್ಳಬಹುದು. ಸೂರ್ಯಾಸ್ತದ ಮುಂಚೆ ಊಟ ಮುಗಿಸುವ ವ್ರತವುಳ್ಳವರು ಬುಕ್ಕಿಂಗ್ ವೇಳೆಯೇ ತಿಳಿಸುವುದು ಜಾಣತನ. ಸಾಮಾನ್ಯ ಊಟ ಟಿಕೇಟಿನಲ್ಲಿ ಸೇರಿದೆ. ಮದ್ಯ, ವಿಶೇಷ ರೆಸ್ಟೋರೆಂಟು, ಸ್ಪಾ, ಇಂಟರ್‌ನೆಟ್ಟು ಸೇರಿಲ್ಲ.

ಹಗಲಿಗೆ ಈಜುಕೊಳ, ಬಂಡೆ ಹತ್ತುವ ಗೋಡೆ, ಮಕ್ಕಳನ್ನು ನೋಡಿಕೊಳ್ಳುವ ಕಾರ್ಡೇಲಿಯಾ ಅಕಾಡೆಮಿ; ರಾತ್ರಿಗೆ ಮಾರ್ಕೀ ರಂಗಮಂದಿರದಲ್ಲಿ ಹಾಡು, ಕುಣಿತ, ಜಾದೂ. ಅಂತ್ಯಾಕ್ಷರಿಗೆ ಜನ ತುಂಬುತ್ತಾರೆ. ಕ್ಯಾಸಿನೊ ಇದೆ, ಅಲ್ಲಿಗೆ ಮಕ್ಕಳಿಗೆ ಪ್ರವೇಶವಿಲ್ಲ. ಇವೆಲ್ಲ ಜಾಹೀರಾತಿನಲ್ಲೂ ಸಿಗುವ ವಿವರಗಳು. ಜಾಹೀರಾತಿನಲ್ಲಿ ಸಿಗದ್ದೊಂದಿದೆ. ಮುಂಬಯಿಯ ಸಂಸಾರದಲ್ಲಿ ಅಪ್ಪ ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾನೆ, ಅಮ್ಮ ಬೆಳಗ್ಗೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿರುತ್ತಾಳೆ, ಅಜ್ಜ ಅಜ್ಜಿಗೆ ಟಿವಿಯೇ ಗತಿ. ಪ್ರವಾಸ ಹೋದರೂ ಬಸ್ಸು, ಚೆಕ್‌ಇನ್, ಬೆಟ್ಟದ ಮೆಟ್ಟಿಲು ಎಂದು ಹಿರಿಯರು ಹಿಂದೆ ಉಳಿಯುತ್ತಾರೆ. ಹಡಗಿನಲ್ಲಿ ಯಾರೂ ಎಲ್ಲಿಗೂ ಓಡಬೇಕಾಗಿಲ್ಲ, ಯಾರೂ ಅಡುಗೆ ಮಾಡಬೇಕಾಗಿಲ್ಲ. ಅವರವರ ಪಾಡಿಗೆ ಅವರಿದ್ದು ಊಟಕ್ಕೆ ಒಂದೇ ಮೇಜಿಗೆ ಬಂದು ಕೂರುತ್ತಾರೆ. ಹೊರನಾಡಿನಲ್ಲಿ ಬೇರು ಬಿಟ್ಟ, ಅಣ್ಣ ಘಾಟ್ಕೋಪರಿನಲ್ಲಿ, ತಮ್ಮ ಮೀರಾ ರೋಡಿನಲ್ಲಿ, ಅಕ್ಕ ಡೊಂಬಿವಿಲಿಯಲ್ಲಿ ಇರುವ ಕನ್ನಡ ಮನೆತನಗಳಿಗೆ ಇದಕ್ಕಿಂತ ಒಳ್ಳೆಯ ಕೂಡುವ ಜಾಗ ಸಿಗುವುದು ಕಷ್ಟ.

ಆದ್ದರಿಂದಲೇ ಊರು ನೋಡುವ ಆಸೆಗೆ ಈ ಹಡಗು ಹತ್ತಬಾರದು. ಗೋವಾದ ಮುರ್ಮುಗಾವ್ ಬಂದರಿನಲ್ಲಿ ನಿಲ್ಲುವುದು ಕೆಲವೇ ಗಂಟೆ; ಅಷ್ಟರಲ್ಲಿ ಒಂದೋ ಹಳೆ ಗೋವಾದ ಇಗರ್ಜಿ, ಇಲ್ಲವೇ ಒಂದು ಕಡಲತೀರ.

ಲಕ್ಷದ್ವೀಪದ ಯಾನದ ಹದವೇ ಬೇರೆ. ಹವಳದ ದಿಬ್ಬಗಳ ನಡುವೆ ನೀರು ಆಳವಿಲ್ಲ, ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಯಾತ್ರಿಕರು ಹಡಗಿನ ಬದಿಯ ಬಾಗಿಲಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ಮಂಡಿನೋವಿದ್ದವರು ಇದನ್ನು ಮೊದಲೇ ಯೋಚಿಸಬೇಕು. ಅಲೆ ಹೆಚ್ಚಾದರೆ ಇಳಿಯುವುದೇ ರದ್ದಾಗಬಹುದು, ಅಲ್ಲಿ ಕ್ಯಾಪ್ಟನ್ ಮಾತೇ ಕೊನೆ. ದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು. ಕನ್ನಡಿಗರು ಮರೆತಿರುವ ಸಂಗತಿಯೊಂದುಂಟು: ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳಿಗೆ 1956ರವರೆಗೂ ಮಂಗಳೂರೇ ಜಿಲ್ಲಾ ಕೇಂದ್ರ. ಅಮಿನ್‌ದಿವಿ ಎಂದು ಕರೆಯುತ್ತಿದ್ದ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ದೋಣಿಗೆ ಇಳಿದು ಹತ್ತುವ ಈ ಪಾಡು ಕರಾವಳಿಯವರ ಹಿಂದಿನ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೂ ಎಷ್ಟೋ ಮೊದಲು ಕಾರವಾರ, ಹೊನ್ನಾವರ, ಮಂಗಳೂರಿನ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಬಂದದ್ದು ಸ್ಟೀಮರಿನಲ್ಲಿ. ನವಮಂಗಳೂರು ಬಂದರು ಎಪ್ಪತ್ತರ ದಶಕದಲ್ಲಿ ಆಗುವವರೆಗೆ ದೊಡ್ಡ ಹಡಗುಗಳು ಅಳಿವೆಯಾಚೆ ನಿಲ್ಲುತ್ತಿದ್ದವು, ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಅಗ್ಗದ ಟಿಕೇಟಿನವರಿಗೆ ಬಯಲು ಡೆಕ್ಕಿನಲ್ಲೇ ಚಾಪೆ. ಮಳೆಗಾಲ ಬಂದರೆ ಹಡಗೇ ಇಲ್ಲ.

ಇಂದಿನ ಹಡಗಿನ ಖರ್ಚಿನ ಲೆಕ್ಕದಲ್ಲಿ ಎಚ್ಚರ ಬೇಕು. ಜಾಹೀರಾತಿನ ದರದ ಮೇಲೆ ಜಿಎಸ್‌ಟಿ, ಸೇವಾ ಭಕ್ಷೀಸು ಸೇರುತ್ತವೆ. ತೀರದಲ್ಲಿ ಸುತ್ತಾಡುವ ಏರ್ಪಾಡಿಗೆ ಬೇರೆ ಹಣ. ಕಾರ್ಡು ಉಜ್ಜುವಾಗ ನೋಟು ಕೈಬಿಟ್ಟಂತೆ ಅನಿಸದ್ದರಿಂದ ಮಕ್ಕಳ ಐಸ್‌ಕ್ರೀಂ, ಜ್ಯೂಸುಗಳ ಬಿಲ್ಲು ಬೆಳೆದುಬಿಡುತ್ತದೆ. ದಿನಕ್ಕೊಮ್ಮೆ ಕೌಂಟರಿನಲ್ಲಿ ಲೆಕ್ಕ ಕೇಳುವುದು ಒಳ್ಳೆಯದು. ತೀರ ದೂರವಾದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಆಮೇಲೆ ಹಿಡಿಯುವ ಸಾಗರ ರೋಮಿಂಗ್ ಜಾಲ ಬಲು ದುಬಾರಿ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡುವುದೇ ಕ್ಷೇಮ. ಇಸ್ತ್ರಿಪೆಟ್ಟಿಗೆ, ಬಿಸಿನೀರ ಕೆಟಲ್, ಊದುಬತ್ತಿ, ದೀಪ ತರುವಂತಿಲ್ಲ. ಸಮುದ್ರದ ನಡುವೆ ಬೆಂಕಿಯಷ್ಟು ಅಂಜಿಕೆ ನಾವಿಕರಿಗೆ ಬೇರೆ ಯಾವುದರದೂ ಇಲ್ಲ. 24 ವಾರ ದಾಟಿದ ಗರ್ಭಿಣಿಯರನ್ನು, ಆರು ತಿಂಗಳೊಳಗಿನ ಶಿಶುಗಳನ್ನು ಬಹುತೇಕ ಕ್ರೂಸ್ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ವಾಂತಿಯ ಭಯ ಅನೇಕರಿಗಿದೆ. ಹಡಗಿನ ಬದಿಗಳಿಂದ ನೀರೊಳಗೆ ಚಾಚುವ ರೆಕ್ಕೆಗಳು ಅಡ್ಡ ಹೊಯ್ದಾಟವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ, ಮುಂದು ಹಿಂದಿನ ತೂಗಾಟವನ್ನು ಅಷ್ಟಾಗಿ ಅಲ್ಲ. ಕೆಳಗಿನ ಅಂತಸ್ತಿನ, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ ಪಡೆದರೆ ಅಲುಗಾಟ ಕಡಿಮೆ. ಹೊಟ್ಟೆ ತೊಳಸಿದಂತಾದರೆ ಮೊಬೈಲ್ ಬದಿಗಿಟ್ಟು ಡೆಕ್ಕಿಗೆ ಬಂದು ದಿಗಂತ ನೋಡುತ್ತಾ ನಿಲ್ಲಬೇಕು. ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಬಿಡುವ ಮುಂಚೆಯೇ ತೆಗೆದುಕೊಂಡರೆ ಫಲ.

ಜೂನ್‌ನಲ್ಲಿ ನೈಋತ್ಯ ಮಾರುತ ಎದ್ದ ಮೇಲೆ ಅರಬ್ಬಿ ಸಮುದ್ರ ವಿಹಾರಕ್ಕೆ ತಕ್ಕದ್ದಲ್ಲ. 2022ರ ಜೂನ್‌ನಲ್ಲಿ ಎಂಪ್ರೆಸ್ ಚೆನ್ನೈಗೆ ಹೋಗಿ ಅಲ್ಲಿಂದ ಯಾನ ನಡೆಸಿತು. ಮರುವರ್ಷ ಅಲ್ಲಿಂದಲೇ ಶ್ರೀಲಂಕಾಕ್ಕೂ ಹೋಯಿತು. ಸಮುದ್ರ ಅತಿ ಶಾಂತವಾಗಿರುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಶಾಲೆಯ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಬಿಸಿಲೂ ಜನಸಂದಣಿಯೂ ದರವೂ ಏರಿರುವಾಗ. ಹಿರಿಯರನ್ನು ಕರೆದೊಯ್ಯುವ ಮನಸ್ಸಿದ್ದವರು ಮಕ್ಕಳಿಗೆ ಒಂದು ಶುಕ್ರವಾರ, ಒಂದು ಸೋಮವಾರ ಶಾಲೆ ತಪ್ಪಿಸಿಯಾದರೂ ಜನವರಿಯಲ್ಲೇ ಹೋಗಿಬರುವುದು ಮೇಲು.